ಕಾಲು ಎಚ್.ಪಿ. ಪಂಪು, ಆರನೇ ಪಾಳಿ

ಬಾವಿ ಖಾಲಿಯಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಕುಂದಾಪುರದ ಕಡೆ ಮೇ ತಿಂಗಳಲ್ಲಿ ಬಾವಿಯ ತಳ ಕಾಣುವುದುಂಟು, ಕೊಡಪಾನ ಕಲ್ಲಿಗೆ ತಾಗುವುದುಂಟು. ಆದರೆ ಅರ್ಧ ಗಂಟೆಯಲ್ಲಿ, ಕಣ್ಣೆದುರೇ, ಬಾವಿಯೊಂದು ಗೊರಗೊರ ಎಂದು ಕೆಸರು ಕಾರಿ ಸುಮ್ಮನಾದದ್ದನ್ನು ನಾನು ನೋಡಿದ್ದು ಕಾನಹೊಸಹಳ್ಳಿಗೆ ಬಂದ ಮೂರನೇ ಬೆಳಿಗ್ಗೆ. ಖಾಲಿ ಮಾಡಿದವನೂ ನಾನೇ.

ಊರಿನವರಾದ ನಿಮಗೆ ಮೊದಲು ನಾನಿಲ್ಲಿಗೆ ಯಾಕೆ ಬಂದೆ ಎಂದು ಹೇಳಿಬಿಡುತ್ತೇನೆ. ಅದಿರಿನ ಲಾರಿಯಲ್ಲಿ ಆರು ವರ್ಷ ಕ್ಲೀನರ್ ಆಗಿ ಸಂಡೂರಿನ ಗಣಿಗೂ ಕರಾವಳಿಯ ಬಂದರಿಗೂ ಓಡಾಡಿದವ ನಾನು. ಆ ದಾರಿಯಲ್ಲಿ ಕೂಡ್ಲಿಗಿ ದಾಟಿದ ಮೇಲೆ ಲಾರಿಗಳೂ ಬಸ್ಸುಗಳೂ ಚಹಾಕ್ಕೆ ನಿಲ್ಲುವುದು ಕಾನಹೊಸಹಳ್ಳಿಯಲ್ಲಿ. ನಿಂತ ಗಾಡಿಗಳ ಗಾಜೆಲ್ಲ ಕೆಂಪು ಧೂಳು. ಡ್ರೈವರು ಚಹಾ ಕುಡಿಯುವ ಹತ್ತು ನಿಮಿಷದಲ್ಲಿ ಗಾಜು ತೊಳೆದುಕೊಟ್ಟರೆ ಒಬ್ಬ ಮನುಷ್ಯ ಬದುಕಿಕೊಳ್ಳಬಹುದು ಎಂದು ಲೆಕ್ಕ ಹಾಕಿದೆ. ರಸ್ತೆಬದಿಯ ಹೋಟೆಲಿನ ಕೊಟ್ರಬಸಪ್ಪ ತಮ್ಮ ಗೋಡೆಯ ಪಕ್ಕದಲ್ಲಿ ಜಾಗ ಕೊಟ್ಟರು, ಕರೆಂಟಿನ ತಂತಿಯನ್ನೂ ಎಳೆದುಕೊಟ್ಟರು. ಲಾರಿಯ ಕೆಲಸ ಬಿಟ್ಟೆ. ನನ್ನ ಸೀಟಿಗೆ ಮಾರನೇ ದಿನವೇ ಬೇರೊಬ್ಬ ಹತ್ತಿದ.

ಊರಿನಿಂದ ನಾನು ಹೊತ್ತು ತಂದದ್ದು ಭಾವನ ತೆಂಗಿನ ತೋಟದ ಒಂದು ಎಚ್.ಪಿ. ಪಂಪು. ನಮ್ಮ ಕಡೆಯವರಿಗೆ ಪಂಪೆಂದರೆ ನೀರು ರಪ್ಪೆಂದು ಬೀಳಬೇಕು. ಓಣಿಯ ಬಾವಿಯ ಮೆಟ್ಟಿಲ ಮೇಲೆ ಅದನ್ನು ಕೂರಿಸಿ, ಯಾರನ್ನೂ ಕೇಳದೆ ಚಾಲೂ ಮಾಡಿ, ಪೈಪನ್ನು ನಿಂತಿದ್ದ ಬಸ್ಸಿನ ಗಾಜಿಗೆ ಹಿಡಿದೆ. ನೀರೇನೋ ಬಂತು, ಬಸ್ಸಿನ ಕಿಟಕಿಯ ಸಂದಿಯಿಂದ ಒಳಗೂ ನುಗ್ಗಿತು. ಹರಪನಹಳ್ಳಿಯ ಯಜಮಾನರೊಬ್ಬರ ತೊಡೆಯ ಮೇಲಿದ್ದ ಮಂಡಕ್ಕಿ ಪೊಟ್ಟಣ ಗಂಜಿಯಾಯಿತು. ಅವರಿಗೆ ಕೈಮುಗಿದು ತಿರುಗುವಷ್ಟರಲ್ಲಿ ಪೈಪು ಕೆಸರು ಕಾರುತ್ತಿತ್ತು.

ಹಿಂದೆ ಹದಿನೈದು ಇಪ್ಪತ್ತು ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಒಬ್ಬರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅವರಲ್ಲಿ ಹಿರಿಯಳು ಹನುಮಕ್ಕ, ಬಾವಿಯ ಪಾಳಿ ನೋಡಿಕೊಳ್ಳುವವಳು. ಪಾಳಿ ಎಂದರೆ ಸರದಿ. ಯಾರ ಹಿಂದೆ ಯಾರು, ಯಾರಿಗೆ ಎಷ್ಟು ಕೊಡ ಎಂಬುದೆಲ್ಲ ಅವಳ ತಲೆಯಲ್ಲಿದೆ, ಚೀಟಿಯಿಲ್ಲ ಗೀಟಿಯಿಲ್ಲ.

"ಯಪ್ಪಾ, ನಿಮ್ಮೂರಾಗ ನೀರು ಮ್ಯಾಲಿಂದ ಬೀಳ್ತೈತಂತ" ಎಂದಳು. "ನಮ್ಮೂರಾಗ ತಳದಿಂದ ಏಳ್ತೈತಿ. ಸೆಲಿ ಏಳಾತನಕ ನಾವು ಕಾಯ್ತೀವಿ. ನೀನು ಒಂದ ಗುಕ್ಕಿಗೆ ಎಲ್ಲಾ ಕುಡದಿ."

ಸೆಲಿ ಎಂದರೆ ನಮ್ಮ ಒರತೆ. ನಾನು ಕೊಟ್ರಬಸಪ್ಪನವರ ಮುಖ ನೋಡಿದೆ. ಅವರು ನೆಲ ನೋಡಿದರು. ಹೋಟೆಲಿಗೂ ನೀರು ಅದೇ ಪಾಳಿಯಿಂದ ಬರಬೇಕಲ್ಲ.

"ಎಂಟು ದಿನ ಕೊಡ್ತೀವಿ. ಬಾವ್ಯಾಗ ಮಷೀನ ಇಳಿಯಂಗಿಲ್ಲ. ಏನು ಮಾಡ್ತೀಯೋ ನೋಡ್ಕೋ. ಆಗಲಿಲ್ಲಂದ್ರ ಬಸ್ ಹತ್ತು" ಎಂದು ಹನುಮಕ್ಕ ಕೊಡ ಎತ್ತಿಕೊಂಡಳು.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆರು ವರ್ಷ ಟಾರ್ಪಾಲಿನ ಕೆಳಗೆ ಮಲಗಿದವನಿಗೆ ಒಂದೇ ಕಡೆ ಚಾಪೆ ಹಾಸುವ ಆಸೆ ದೊಡ್ಡದು. ಊರಿನಲ್ಲಿ ಗಿರಿಜಕ್ಕನಿಗೆ, ಅಂದರೆ ನನ್ನ ಅಕ್ಕನಿಗೆ, ನಾನಿಲ್ಲಿ ನೆಲೆ ನಿಂತೆ ಎಂದು ಕಾಗದ ಬೇರೆ ಬರೆದಾಗಿತ್ತು.

ಆ ಎಂಟು ದಿನ ಬಾಯಿಗೂ ಕಷ್ಟ, ಕಿವಿಗೂ ಕಷ್ಟ. ಕುಚಲಕ್ಕಿ ಗಂಜಿಯ ಹೊಟ್ಟೆಗೆ ಜೋಳದ ರೊಟ್ಟಿ ಇಳಿಯಲು ಎರಡು ತಂಬಿಗೆ ನೀರು ಬೇಕು, ನೀರು ಕೇಳಲು ನನಗೆ ಮುಖವಿಲ್ಲ. ನನ್ನ ಕೋಣೆಯ ಮಾಳಿಗೆ ಮಣ್ಣಿನದು, ಹಂಚಿಲ್ಲ, ಇಳಿಜಾರಿಲ್ಲ. ಮಳೆ ಬಂದರೆ ಗತಿಯೇನು ಎಂದು ಕೇಳಿದ್ದಕ್ಕೆ ಕೊಟ್ರಬಸಪ್ಪ, "ಬರ್ಲಿ ತಡಿರಿ, ಆಮ್ಯಾಲೆ ನೋಡೋಣ" ಎಂದು ನಕ್ಕರು. ಎಲ್ಲರೂ ನನ್ನನ್ನು ಕರೆಯುವುದು 'ಮಂಗ್ಳೂರಪ್ಪ'. ಮಂಗಳೂರೇ ಬೇರೆ ಕುಂದಾಪುರವೇ ಬೇರೆ ಮಾರಾಯ್ರೆ ಎಂದು ಎಷ್ಟು ಸಲ ಹೇಳಿದರೂ, "ಎಲ್ಲಾ ಒಂದ ಸಮುದ್ರ ಅಲ್ಲೇನ್ರಿ" ಎನ್ನುತ್ತಾರೆ. ಹೆಸರು ಹಿಡಿದು ಕರೆಯುವವರಿಲ್ಲದೆ ಸಂಜೆ ಹೊತ್ತು ಎದೆ ಭಾರವಾಗುತ್ತಿತ್ತು.

ಉಪಾಯ ಹೊಳೆದದ್ದು ಹೆಂಗಸರನ್ನು ನೋಡಿಯೇ. ಅವರು ಪಾತ್ರೆಯ ಮಸಿ, ಮಣ್ಣು ಎಲ್ಲವನ್ನೂ ಒಣಗಿದ್ದಾಗಲೇ ಉಜ್ಜಿ ಉದುರಿಸಿ, ಕೊನೆಗೆ ಎರಡು ಬೊಗಸೆ ನೀರಿನಲ್ಲಿ ಮುಗಿಸುತ್ತಿದ್ದರು. ಗಾಜಿಗೂ ಅಷ್ಟೇ ಸಾಕಲ್ಲವೇ. ಬಾವಿಗೆ ಪಂಪು ಬೇಡ, ಸೇದಿದ ನೀರನ್ನು ಪೀಪಾಯಿಗೆ ತುಂಬಿ, ಪೀಪಾಯಿಯಿಂದ ಗಾಜಿಗೆ ಏರಿಸುವ ಸಣ್ಣ ಪಂಪು ಸಾಕು. ಐದನೇ ದಿನ ಭಾವನ ಪಂಪನ್ನು ಗೋಣಿಯಲ್ಲಿ ಕಟ್ಟಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ.

ಅಲ್ಲಿ ಪಂಪಿನಂಗಡಿಯ ಯಜಮಾನರು ಕೇಳಿದರು, "ಬಾವಿ ಎಷ್ಟು ಅಡಿ ಐತ್ರಿ?"

"ಬಾವಿಯಿಂದ ಅಲ್ಲ, ಪೀಪಾಯಿಯಿಂದ."

"ಎಲ್ಲಿಗ್ರಿ?"

"ಬಸ್ಸಿನ ಕಿಟಕಿಗೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಪ್ಪತ್ತು ವರ್ಷ ಆತ್ರಿ ಅಂಗಡಿ ಇಟ್ಟು. ಬಂದೋರೆಲ್ಲಾ ದೊಡ್ಡದು ಕೊಡ್ರಿ ಅಂತಾರ. ಸಣ್ಣದು ಕೊಡ್ರಿ ಅಂದೋರು ನೀವ ಮೊದಲು."

ಅಂಗಡಿಯ ಹಿತ್ತಲಿನಲ್ಲಿ ಒಂದೊಂದನ್ನೇ ತೊಟ್ಟಿಗಿಳಿಸಿ ತೋರಿಸಿದರು. ಏರ್ ಕೂಲರಿನ ಅಂಗೈಯಗಲದ ಪಂಪಿನ ನೀರು ನನ್ನ ಎದೆಯವರೆಗೆ ಏರಿ ಬಾಗಿತು, ಲಾರಿಯ ಗಾಜು ಇನ್ನೂ ನಾಲ್ಕಡಿ ಮೇಲೆ. ಅರ್ಧ ಎಚ್.ಪಿ.ಯದು ಗೋಡೆಯ ಸುಣ್ಣ ಕಿತ್ತಿತು. ಕಾಲು ಎಚ್.ಪಿ.ಯದು ಸೂರಿನ ತನಕ ಹೋಗಿ ಮೆಲ್ಲಗೆ ಇಳಿಯಿತು. ನಾನು ಕೆನ್ನೆ ಒಡ್ಡಿ ನೋಡಿದೆ, ನೋಯಲಿಲ್ಲ. ಕಿಟಕಿಯಾಚೆ ಕೂತ ಮುದುಕರಿಗೂ ನೋಯಲಾರದು.

"ಮಧ್ಯಾಹ್ನ ನಿಮ್ಮ ಕಡಿ ಕರೆಂಟು ಕಂದೀಲಿನಂಗ ಇರ್ತೈತಿ. ದೊಡ್ಡದು ಗುಂಯ್ ಅಂತ ಅಳ್ಕೋತ ಕುಂದರ್ತೈತಿ, ಇದು ತಿರುಗ್ತೈತಿ. ಒಯ್ರಿ" ಎಂದರು. ಭಾವನ ಪಂಪನ್ನು ಅವರಿಗೇ ಒಪ್ಪಿಸಿ, ಕಾಲು ಎಚ್.ಪಿ.ಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ನೀರು ಚದುರಿ ಬೀಳಲೆಂದು ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು ಪೈಪಿನ ಬಾಯಿಗೆ ಕಟ್ಟಿದೆ.

ಎಂಟನೇ ದಿನ ಬೆಳಿಗ್ಗೆ ಹೆಂಗಸರು ಕೊಡ ಇಳಿಸಿ ನೋಡಲು ನಿಂತರು. ಕೊಟ್ರಬಸಪ್ಪ ತಮ್ಮ ಪಾಳಿಯ ನೀರಿನಿಂದ ಒಂದು ಪೀಪಾಯಿ ತುಂಬಲು ಬಿಟ್ಟಿದ್ದರು, ಅದೊಂದೇ ಅವಕಾಶ. ಎರಡು ಬಸ್ಸು, ಒಂದು ಅದಿರಿನ ಲಾರಿ ಬಂದವು. ಮೆತ್ತನೆಯ ಕಸಬರಿಗೆಯಿಂದ ಮೊದಲು ಒಣ ಧೂಳು ಕೊಡವಿದೆ. ಆಮೇಲೆ ಪಂಪು ಹಾಕಿ ಗಾಜು ನೆನೆಸಿ ನಿಲ್ಲಿಸಿದೆ, ಬಟ್ಟೆಯಲ್ಲಿ ಒರೆಸಿದೆ, ಮತ್ತೆ ಎರಡೇ ಎರಡು ಸಲ ನೀರಾಡಿಸಿದೆ. ಮೂರನೇ ಗಾಡಿ ಹೊರಟ ಮೇಲೆ ಹನುಮಕ್ಕ ಬಂದು ಪೀಪಾಯಿಯೊಳಗೆ ಕೈಯಿಳಿಸಿದಳು.

"ಇನ್ನಾ ಗೇಣು ನೀರು ಐತಿ" ಎಂದು ಹೆಂಗಸರಿಗೆ ಹೇಳಿದಳು. ನನ್ನ ಕಡೆ ತಿರುಗಿ, "ನಾಳಿಯಿಂದ ಆರನೇ ಪಾಳಿ ನಿಂದು. ಹದಿನಾಕು ಕೊಡ. ಹದಿನೈದನೇದಕ್ಕ ಕೈ ಹಾಕಿದ್ರ ನೋಡು ಮತ್ತ."

ನಾನು ಆ ಪೀಪಾಯಿಯ ಹಿಂದೆ ಕುಳಿತು ಅತ್ತೆ. ಸಂತೋಷಕ್ಕೇ ಅತ್ತದ್ದು, ನಾಚಿಕೆಯೇನಿಲ್ಲ.

ನಾಲ್ಕು ವರ್ಷವಾಯಿತು. ಈಗ ರೊಟ್ಟಿ ಒಣಗಿದ್ದರೂ ಇಳಿಯುತ್ತದೆ. ಕೊಟ್ಟೂರಿನ ಸಂತೆಗೆ ಹೋದರೆ ಪಂಪಿನ ಯಜಮಾನರು ಚಹಾ ತರಿಸುತ್ತಾರೆ. ಹಡಗಲಿ, ಹಗರಿಬೊಮ್ಮನಹಳ್ಳಿಯ ಬಸ್ಸುಗಳ ಡ್ರೈವರುಗಳು ಗಾಜು ತೊಳೆಯುವಾಗ ಒಳಗಿನಿಂದ ಇಣುಕಿ ನನ್ನನ್ನು ಅಣಕಿಸುತ್ತಾರೆ, ನಾನೂ ಬಿಡುವುದಿಲ್ಲ. ನೆಮ್ಮದಿಯಾಗಿದ್ದೇನೆ, ಇದನ್ನು ಬಾಯಿಬಿಟ್ಟು ಹೇಳಬೇಕು.

ಕಳೆದ ತಿಂಗಳು ಊರಿಗೆ ಬಂದಿದ್ದೆನಲ್ಲ, ನಿಮ್ಮಲ್ಲಿ ಕೆಲವರು ಸಿಕ್ಕಿದ್ದಿರಿ. ಹದಿನೈದು ದಿನಕ್ಕೆಂದು ಬಂದವ ಒಂಬತ್ತನೇ ದಿನಕ್ಕೆ ಚೀಲ ಕಟ್ಟಿದೆ. ಗಿರಿಜಕ್ಕನಿಗೆ ಸಿಟ್ಟು ಬಂತು.

"ಎಂತ ಗಡಿಬಿಡಿ ನಿಂಗೆ? ಇನ್ನೊಂದ್ ವಾರ ಇಪ್ಪುಕಾಗ್ದಾ?"

"ನನ್ನ ಪಾಳಿ ಬೇರೆಯವರಿಗೆ ಹೋಗುತ್ತದಕ್ಕಾ."

"ನಮ್ ಬಾವಿಗ್ ಪಾಳಿಯೂ ಇಲ್ಲ ಎಂತದೂ ಇಲ್ಲ. ನಿಂಗ್ ಬೇಕಾದಷ್ಟ್ ನೀರ್ ಎತ್ಕೋ" ಎಂದಳು.

ಅವಳು ಹೇಳಿದ್ದು ಸರಿ. ತುಂಬಿದ ಬಾವಿಯ ಕಟ್ಟೆಯ ಮೇಲೆ ಕೂತು ನಾನು ಉತ್ತರ ಹುಡುಕಿದೆ, ಅಕ್ಕನಿಗೆ ಹೇಳುವ ಧೈರ್ಯವಾಗಲಿಲ್ಲ, ನಿಮಗೆ ಬರೆಯುತ್ತಿದ್ದೇನೆ. ಊರಿನ ಬಾವಿಯಲ್ಲಿ ನಾನು ಸೇದಿದರೂ ಸೇದದಿದ್ದರೂ ನೀರು ಇದ್ದಷ್ಟೇ ಇರುತ್ತದೆ. ಇಲ್ಲಿ ಐದನೆಯವಳು ಕೊಡ ಎತ್ತಿದೊಡನೆ ಎಲ್ಲರೂ ಒಮ್ಮೆ ಹಿಂದೆ ತಿರುಗಿ, ನಾನು ಬಂದೆನೇ ಎಂದು ನೋಡುತ್ತಾರೆ.