ಓಡುವ ಎತ್ತಿನ ಮೇಲೆ ಹಿಡಿದ ಫೋಕಸ್

ಕಾರಹುಣ್ಣಿಮೆಯ ಫೋಟೊ ಎಂದರೆ ನನಗೆ ಈಗಲೂ ಹೇಸಿಗೆ. ಸಿಂಧನೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೊ ತೆಗೆದು ಬದುಕುವವನು ನಾನು. ಮದುವೆ ಮಂದಿ ಹೇಳಿದ ಕಡೆ ನಿಲ್ಲುತ್ತಾರೆ, ಒಮ್ಮೆ ಫೋಕಸ್ ಹಿಡಿದರೆ ಕೆಲಸ ಮುಗಿಯಿತು. ಎತ್ತು ನಿಲ್ಲುತ್ತದೆಯೇ?

ಮಸ್ಕಿಯಾಚೆ ನಮ್ಮ ಅಕ್ಕನನ್ನು ಕೊಟ್ಟ ಊರು. ಅಲ್ಲಿ ಹುಣ್ಣಿಮೆಯ ಸಂಜೆ ಊರ ಬಾಗಿಲಿಗೆ, ಅಂದರೆ ಅಗಸಿಗೆ, ಅಡ್ಡವಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಅದೇ ಕರಿ. ಎತ್ತುಗಳನ್ನು ಓಡಿಸಿ ಅದನ್ನು ಹರಿಸುತ್ತಾರೆ. ಬಿಳಿ ಎತ್ತು ಹರಿದರೆ ಜೋಳ, ಹತ್ತಿ ಚೆನ್ನಾಗಿ ಬರುತ್ತದೆ, ಕೆಂದೆತ್ತು ಹರಿದರೆ ತೊಗರಿ ಎಂಬ ನಂಬಿಕೆ. ಹಿಂದಿನ ವರ್ಷ ಎರಡೂ ಒಟ್ಟಿಗೆ ನುಗ್ಗಿ, ಯಾವುದು ಮೊದಲು ಎಂದು ಹಿರಿಯರೇ ಕೊರಳಪಟ್ಟಿ ಹಿಡಿದುಕೊಂಡಿದ್ದರು. ಹಾಗಾಗಿ ಈ ಸಲ ಫೋಟೊ ನೋಡಿ ತೀರ್ಪು ಎಂದು ನನ್ನನ್ನು ಕರೆಸಿದರು.

ಓಟದಲ್ಲಿ ಅಕ್ಕನ ಬಿಳಿ ಎತ್ತೂ ಇತ್ತು. ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ಅವಳು. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಅವಳ ಗಂಡ, ನಮ್ಮ ಮಾವ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಕರಿ ಹರದರ ಮನ್ಯಾಗಿರ್ಲಿ, ಇಲ್ಲಂದ್ರ ಲಿಂಗಸುಗೂರು ಸಂತಿಗೆ ಹೊಡೀತೀನಿ." ದುಡಿಯದ ಎತ್ತು ಸಂತೆಯಿಂದ ಎಲ್ಲಿಗೆ ಹೋಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ತಮ್ಮಾ, ಅದು ಹರದಿದ್ದು ಛಂದಂಗ ಕಾಣಬೇಕು ನೋಡು."

ಹಿಂದಿನ ದಿನ ರಸ್ತೆಯಲ್ಲಿ ಓಡುವ ನಾಯಿ, ಬೈಕುಗಳ ಮೇಲೆ ಕ್ಯಾಮೆರಾ ಪಳಗಿಸಿದೆ. ಮದುವೆಗೆ ಇಡುವ ಸಿಂಗಲ್ ಫೋಕಸ್ ಇಟ್ಟರೆ, ಬಟನ್ ಒತ್ತುವಷ್ಟರಲ್ಲಿ ನಾಯಿ ಮುಂದೆ ಹೋಗಿ ಮೂತಿ ಮಸುಕು. ಕಂಟಿನ್ಯುಅಸ್‌ಗೆ ಹಾಕಿದೆ, ಬಟನ್ ಅರ್ಧ ಒತ್ತಿ ಹಿಡಿದರೆ ಫೋಕಸ್ ಅದರ ಜೊತೆಗೇ ಓಡುತ್ತದೆ. ಎಲ್ಲ ಫೋಕಸ್ ಪಾಯಿಂಟ್ ಬಿಟ್ಟರೆ ಕಂಡದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ನಡುವಿನ ನಾಲ್ಕಾರನ್ನು ಮಾತ್ರ ಉಳಿಸಿದೆ. ಅಡ್ಡ ಬಂದವರ ಮೇಲೆ ಫೋಕಸ್ ಜಿಗಿಯದಂತೆ ಅದು ಗುರಿ ಬದಲಿಸುವುದನ್ನು ನಿಧಾನ ಮಾಡಿದೆ. ಮನುಷ್ಯರ ಮುಖ ಹುಡುಕುವ ಸೆಟ್ಟಿಂಗ್ ಅಂತೂ ಬಂದ್. ಆ ಊರಿನ ಮುಖಗಳು ನನಗೆ ಬೇಕಾಗಿರಲಿಲ್ಲ.

ಬೇಕಾಗಿರಲಿಲ್ಲ ಎಂದರೂ ಸಂಜೆ ಅವೇ ಮುಖಗಳು. ಅಗಸಿ ಪಕ್ಕದ ಕಟ್ಟೆ ಹತ್ತಿ ನಿಂತೆ. ಸೆರೆಯ ನಾತ, ನನ್ನ ಚಪ್ಪಲಿ ಮೇಲೆ ಗುಟ್ಕಾ ಎಂಜಲು. ಒಬ್ಬ ಕೆಂದೆತ್ತಿನ ಬಾಯಿ ಅಗಲಿಸಿ ಸೆರೆ ಸುರಿಯುತ್ತಿದ್ದ, ಸುತ್ತ ನಿಂತವರು ಹಲ್ಲು ಕಿಸಿಯುತ್ತಿದ್ದರು. ಥೂ, ಇವರ ಹಬ್ಬಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡೆ.

ಎತ್ತುಗಳು ಬಂದವು. ಟವೆಲ್ ಬೀಸುತ್ತ ಒಬ್ಬ ಅಡ್ಡ ಓಡಿದ, ಫೋಕಸ್ ಅಲುಗಲಿಲ್ಲ. ಅಕ್ಕನ ಬಿಳಿ ಎತ್ತು ನನ್ನೆದುರು ಅಡ್ಡಲಾಗಿ ಹಾಯ್ದಾಗ ಬಟನ್ ಬಿಡದೆ ಒತ್ತಿದೆ. ಹಗ್ಗ ಹರಿಯಿತು.

ಹಿರಿಯರು ಕ್ಯಾಮೆರಾಗೆ ಮುತ್ತಿಕೊಂಡರು. ಅವರಲ್ಲಿ ದೊಡ್ಡವರು ಜರ್ದಾ ಮೆತ್ತಿದ ಬೆರಳನ್ನು ಪರದೆಯ ಮೇಲಿಟ್ಟು, "ಬಿಳೀದಽ ಮುಂದೈತಿ. ಹಗ್ಗ ಅದರ ಎದಿಗೆ ಹತ್ತೈತಿ," ಎಂದರು. ಹಲಗೆ ಬಡಿತ ಶುರುವಾಯಿತು. ಮಾವನನ್ನು ಹೆಗಲ ಮೇಲೆ ಹೊತ್ತರು.

ಅಕ್ಕ ಆರತಿ ತಟ್ಟೆ ಹಿಡಿದು ಬಂದಳು. ಕಣ್ಣಲ್ಲಿ ನೀರು. "ನನಗೂ ತೋರ್ಸೋ," ಎಂದಳು. ಹಿಗ್ಗಿನಿಂದ ಫೋಟೊ ದೊಡ್ಡದು ಮಾಡಿ ತೋರಿಸಿದೆ. ಕೊಂಬು, ಬೆವರು, ಒಂದೊಂದು ಕೂದಲೂ ಸ್ಪಷ್ಟ. ಅವಳು ಚಿತ್ರವನ್ನು ಬೆರಳಿನಿಂದ ಎತ್ತಿನ ಹಿಂಭಾಗ ಕಾಣುವಂತೆ ಸರಿಸಿದಳು. ಎತ್ತಿನ ಹಿಂದೆ ಮಾವ, ಅವನ ಕೈಯಲ್ಲಿ ಬಾರುಕೋಲು. ಕೋಲಿನ ತುದಿಯ ಮೊಳೆ ಬಾಲದ ಬುಡದಲ್ಲಿ ನೆಟ್ಟಿತ್ತು. ರಕ್ತ ತೊಡೆಗುಂಟ ಇಳಿದಿತ್ತು. ಇದನ್ನು ನೋಡಿಯೇ ಹಿರಿಯರೆಲ್ಲ ತೀರ್ಪು ಕೊಟ್ಟಿದ್ದರು.

ಮಾವ ಕೆಳಗಿಳಿದು ಬಂದು ಇಣುಕಿದ. "ಅದೇನ್ ನೋಡ್ತಿ? ಎಲ್ಲಾರೂ ಚುಚ್ಚತಾರ," ಎಂದು ಅವಳಿಗೆ ಹೇಳಿ ನನ್ನ ಕಡೆ ತಿರುಗಿದ. "ಲೇ, ಆ ಕೈಯಷ್ಟು ಅಳಿಸಿ ದೊಡ್ಡದು ಮಾಡಿ ಕೊಡು, ಪಡಸಾಲ್ಯಾಗ ಹಾಕ್ತೀನಿ. ಬರೋ ವರ್ಷನೂ ಇದಽ ಹರಿತೈತಿ."

ಅಕ್ಕ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಎತ್ತಿನ ಹತ್ತಿರ ಹೋಗಿ ಸೆರಗಿನಿಂದ ರಕ್ತ ಒರೆಸಿ, ಅದರ ಹಗ್ಗ ಕೈಗೆ ತೆಗೆದುಕೊಂಡಳು.

"ಎಲ್ಲಿಗೆ ಹೊಂಟಿ?" ಎಂದ ಮಾವ.

"ವಳಕಮದಿನ್ನಿಗೆ, ನಮ್ಮವ್ವನ ಮನಿಗೆ. ಇಲ್ಲಿದ್ರ ಇದು ವರ್ಷಾ ವರ್ಷಾ ಹರೀಬೇಕಲ್ಲ."

ಹಲಗೆ ನಿಂತಿತು. ಜರ್ದಾದ ಹಿರಿಯರು ಮುಂದೆ ಬಂದು, "ಕರಿ ಹರದ ಎತ್ತು ಊರ ಬಿಡಬಾರದವ್ವಾ. ಊರಿಗೆ ಕೇಡಾಕ್ಕೈತಿ," ಎಂದರು.

ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಆಗ್ಲಿ ಬಿಡ್ರಿ, ಯಜಮಾನ್ರ," ಎಂದು ಎತ್ತು ಹಿಡಿದುಕೊಂಡು ಅಗಸಿ ದಾಟಿದಳು.