ಚಾಚಾಗೆ ಬರೆದುಕೊಟ್ಟ ವಿಳಾಸ

ಮೊನ್ನೆ ಈ ಕೊಲ್ಲಿ ನಾಡಿನ ಬಂದರು ಅಲ್ ಮೀನಾದ ಮೀನು ಮಾರುಕಟ್ಟೆಗೆ ಅಂಜಲ್ ಕೊಳ್ಳಲು ಹೋಗಿದ್ದೆ. ಮೀನು ಹಿಡಿಯುವ ತಂತಿಯ ಬೋನುಗಳ ರಾಶಿಯಿಂದ ಉಪ್ಪು, ತುಕ್ಕು ಬೆರೆತ ವಾಸನೆ ಬಂತು. ಅಂಥ ಬೋನು ಹೆಣೆಯುತ್ತಿದ್ದ ಚಾಚಾ ನೆನಪಾದರು... ಮೀನು ಬೇಡವೆನಿಸಿ ಹಿಂದಿರುಗಿದೆ.

ಅವರ ಪರಿಚಯವಾದಾಗ ನಾನು ಅಲ್ಲೇ ಹತ್ತಿರದ ಟೈಪಿಂಗ್ ಸೆಂಟರಿನಲ್ಲಿ ಅರಬಿ ಅರ್ಜಿ ತುಂಬುವ ಕೆಲಸದಲ್ಲಿದ್ದೆ. ಚಾಚಾ ಇಲ್ಲೇ ಹುಟ್ಟಿ ಮುದುಕರಾದವರು, ಆದರೆ ಯಾವ ದೇಶದ ಕಾಗದವೂ ಇಲ್ಲದವರು. ಅಂಥವರಿಗೆ ಇಲ್ಲಿನ ಸರ್ಕಾರ ಆಫ್ರಿಕಾದ ಪಕ್ಕದ ಒಂದು ಪುಟ್ಟ ದ್ವೀಪ ದೇಶದ ಪಾಸ್‌ಪೋರ್ಟನ್ನು ದುಡ್ಡು ಕೊಟ್ಟು ಕೊಡಿಸುತ್ತಿತ್ತು. ಆ ದ್ವೀಪದಲ್ಲಿ ಇರುವ ಜನಕ್ಕೇ ನೆಲ ಸಾಲದು, ಪ್ರಾಯದವರು ದೋಣಿ ಹತ್ತಿ ಹೊರಟುಹೋಗುತ್ತಿದ್ದರು. ಇತ್ತ ನಾವು ಎಸಿಯಲ್ಲಿ ಕೂತು, ಅದನ್ನು ಭೂಪಟದಲ್ಲೂ ನೋಡದವರನ್ನು ಅದರ ಪ್ರಜೆಗಳನ್ನಾಗಿ ಮಾಡುತ್ತಿದ್ದೆವು. ಹೇಸಿಗೆಯ ಕೆಲಸ. ಆಗ ನನಗೆ ಹಾಗೇನೂ ಅನ್ನಿಸುತ್ತಿರಲಿಲ್ಲ.

ಅರ್ಜಿಯಲ್ಲಿ ಸ್ವದೇಶದ ವಿಳಾಸಕ್ಕೊಂದು ಖಾನೆ ಇತ್ತು. ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತಿತ್ತು. ಇಂಟರ್‌ನೆಟ್‌ನಲ್ಲಿ ಸಿಕ್ಕ ಬೀದಿಯೊಂದರ ಹೆಸರಿಗೆ ಮನೆ ನಂಬರ್ ಅಂಟಿಸಿ ಎಲ್ಲರಿಗೂ ಅದನ್ನೇ ಹಾಕುತ್ತಿದ್ದೆವು. "ಊರಿಗೆ ಊರೇ ಒಂದು ಮನೆಯಲ್ಲಿ ಉಂಟಲ್ಲ ಮಾರಾಯ," ಎಂದು ಪಕ್ಕದ ಮೇಜಿನ ಕಾಪುವಿನವ ಹೇಳಿದರೆ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ.

ಓದು ಬರದ ಚಾಚಾ ತಮ್ಮ ಅರ್ಜಿಯನ್ನು ನನ್ನಿಂದ ಓದಿಸಿಕೊಂಡರು. "ಬೇಟಾ, ಈ ಮನೆಯಿಂದ ಸಮುದ್ರ ಕಾಣ್ತದಾ?" ಎಂದು ಹಿಂದಿಯಲ್ಲಿ ಕೇಳಿದರು.

"ಎದುರಿಗೇ ಸಮುದ್ರ, ಚಾಚಾ," ಎಂದೆ, ತಮಾಷೆಗೆ.

ಪಾಸ್‌ಪೋರ್ಟ್ ಬಂತು. ಬಂದ ಮೇಲೆ ಅವರು ಹುಟ್ಟಿದ ಊರಲ್ಲೇ ಪರದೇಶಿಯಾದರು. ಇಲ್ಲಿರಲು ವೀಸಾ ಬೇಕು, ವೀಸಾಕ್ಕೆ ಹೊಣೆ ನಿಲ್ಲುವ ಸ್ಪಾನ್ಸರ್ ಬೇಕು. ಕೆಲವು ವರ್ಷ ಹೇಗೋ ನಡೆಯಿತು, ಆಮೇಲೆ ಯಾರೂ ಸಿಗಲಿಲ್ಲ. ಒಂದು ಬೆಳಿಗ್ಗೆ ಚೀಲ ಹಿಡಿದು ಬಂದು ನನ್ನೆದುರು ಕೂತರು.

"ಇಲ್ಲಿ ಖಲಾಸ್ ಬೇಟಾ. ನನ್ನ ಮನೆ ಅಡ್ರೆಸ್ ದೊಡ್ಡ ಅಕ್ಷರದಲ್ಲಿ ಬರೆದುಕೊಡು. ಅಲ್ಲಿ ಇಳಿದ ಮೇಲೆ ಟ್ಯಾಕ್ಸಿಯವನಿಗೆ ತೋರಿಸ್ಬೇಕು."

ಅಂಥ ಮನೆಯೇ ಇಲ್ಲ ಎಂದು ಆಗಲಾದರೂ ಹೇಳಬೇಕಿತ್ತು. ಗಾಜಿನಾಚೆ ಸೆಂಟರಿನ ಮಾಲೀಕ ಸಾಹುಕಾರರು ಕೂತಿದ್ದರು, ನನ್ನ ವೀಸಾ ಅವರ ಕೈಯಲ್ಲಿತ್ತು. ದಪ್ಪ ಪೆನ್ನಿನಿಂದ, ಅಂದವಾಗಿ ಬರೆದುಕೊಟ್ಟೆ. ಚಾಚಾ ನನ್ನ ತಲೆ ನೇವರಿಸಿ ಹೊರಟರು.

ಆಮೇಲೆ ಅವರ ಸುದ್ದಿ ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ... ಈಗ ನನ್ನದೇ ಟೈಪಿಂಗ್ ಸೆಂಟರ್ ಇದೆ. ಆ ದ್ವೀಪದ ಜನಸಂಖ್ಯೆ ಏರುತ್ತಿದೆಯೆಂದು ಎಲ್ಲಾದರೂ ಓದಿದರೆ ಪುಟ ತಿರುಗಿಸಿಬಿಡುತ್ತೇನೆ. ಅಂದಿನ ವಯಸ್ಸು ನೋಡಿದರೆ ಚಾಚಾ ಈಗ ಬದುಕಿರಲಾರರು. ಮೊನ್ನೆ ಅದು ಹೊಳೆದಾಗ, ಇನ್ನು ಅವರಿಗೆ ಮುಖ ತೋರಿಸಬೇಕಾಗಿಲ್ಲ ಎಂದು ನನಗೆ ನೆಮ್ಮದಿಯಾಯಿತು. ಥೂ ನನ್ನ ಜನ್ಮಕ್ಕೆ.