ಚಿಗವ್ವನ ಕಣ್ಣುರಿ

ನೆನೆಸಿಟ್ಟ ಕೊತ್ತಂಬರಿ ಬೀಜದ ವಾಸನೆ ಮೂಗಿಗೆ ಬಿದ್ದರೆ ಸಾಕು, ಸಿರುಗುಪ್ಪದ ನಮ್ಮ ಹಳೆಯ ಮನೆಯ ನಡುಮನೆ ನನ್ನ ಮುಂದೆ ಬಂದು ನಿಲ್ಲುತ್ತದೆ. ಮೊನ್ನೆ ಮೊಮ್ಮಗಳ ಕಣ್ಣಿನ ಸುತ್ತ ಕೆಂಪಾಗಿ ಊದಿಕೊಂಡಿತ್ತು. ಡಾಕ್ಟರು ನೋಡಿ, ಅಲರ್ಜಿ, ಹೊಸದಾಗಿ ಹಚ್ಚುತ್ತಿರುವ ಕ್ರೀಮು ಬಿಟ್ಟುಬಿಡಿ ಎಂದರು. ಬಿಟ್ಟಳು, ವಾಸಿಯಾಯಿತು. ಆದರೂ ನಾನು ಹಟ ಹಿಡಿದು ಕೊತ್ತಂಬರಿ ಬೀಜ ನೆನೆಹಾಕಿದೆ. ಅವಳು ನಕ್ಕಳು. ನಗಲಿ ಬಿಡಿ. ಬಿಟ್ಟುಬಿಡುವುದು ಇಷ್ಟು ಸಲೀಸಾಗಿರುವ ಕಾಲದಲ್ಲಿ ಹುಟ್ಟಿದ್ದಾಳೆ, ಅವಳ ಪುಣ್ಯ. ಆ ನಡುಮನೆಯಲ್ಲಿ ನನ್ನ ಅಜ್ಜಿ ಇದೇ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ನಮ್ಮ ಚಿಗವ್ವನ ರೆಪ್ಪೆಗಳ ಮೇಲೆ ಹಾಕುತ್ತಾ ಮಧ್ಯಾಹ್ನಗಳನ್ನೇ ಕಳೆದಳು.

ಚಿಗವ್ವ ಎಂದರೆ ನಮ್ಮ ಚಿಗಪ್ಪನ, ಅಂದರೆ ಅಪ್ಪನ ತಮ್ಮನ ಹೆಂಡತಿ, ಕುರುಗೋಡಿನ ಹೆಣ್ಣು. ಎರಡನೆಯ ಮಹಾಯುದ್ಧದ ಕಾಲ; ಮದುವೆಯಾಗಿ ವರ್ಷ ತುಂಬುವ ಮೊದಲೇ ಚಿಗಪ್ಪ ಮಿಲಿಟ್ರಿ ಲಾರಿ ಓಡಿಸಲು ಬರ್ಮಾದ ಕಡೆ ಹೊರಟ. ಹೋಗುವ ಮುಂಚೆ ಬಳ್ಳಾರಿಯ ಕೌಲ್ ಬಜಾರಿನಿಂದ ಒಂದು ಭರಣಿ ಕುಂಕುಮ ತಂದುಕೊಟ್ಟ. ಮನೆಯಲ್ಲಿ ಅರಿಶಿಣಕ್ಕೆ ನಿಂಬೆರಸ ಹಿಂಡಿ ಮಾಡುತ್ತಿದ್ದ ಕುಂಕುಮ ಅದರ ಮುಂದೆ ಮಂಕಾಗಿ ಕಾಣುತ್ತಿತ್ತು, ಇದು ಅಷ್ಟು ಕೆಂಪು. ಮಗ ತಿರುಗಿ ಬರುವ ತನಕ ಸೊಸೆಯ ಹಣೆಗೆ ಅವನು ತಂದದ್ದನ್ನೇ ಇಡುತ್ತೇನೆಂದು ಅಜ್ಜಿ ದೇವರಿಗೆ ಹರಕೆ ಹೊತ್ತಳು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಚಿಗವ್ವನ ಹಣೆಗೆ ಮೇಣ ತಿಕ್ಕಿ, ಅದರ ಮೇಲೆ ಕಾಸಗಲ ಬೊಟ್ಟನ್ನು ತಾನೇ ಒತ್ತುತ್ತಿದ್ದಳು. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ.

ತಿಂಗಳೊಪ್ಪತ್ತಿನಲ್ಲಿ ಚಿಗವ್ವನ ಕಣ್ಣುರಿ ಶುರುವಾಯಿತು. ಮೊದಲು ತುರಿಕೆ, ಆಮೇಲೆ ರೆಪ್ಪೆಗಳು ಕೆಂಪಾಗಿ ಉಬ್ಬಿ, ಬೆಳಿಗ್ಗೆ ಕಣ್ಣು ಗೆರೆಯಷ್ಟು ಮಾತ್ರ ತೆರೆಯುತ್ತಿತ್ತು. ಕದ್ದು ಅಳುತ್ತಾಳೆಂದೇ ಎಲ್ಲರೂ ತಿಳಿದರು. ಗಂಡ ದೂರದಲ್ಲಿ ಜೀವ ಕೈಯಲ್ಲಿ ಹಿಡಿದಿರುವಾಗ ಮುತ್ತೈದೆ ಕಣ್ಣೀರು ಹಾಕಿದರೆ ಅಪಶಕುನ ಎಂದು ಅಜ್ಜಿ ಬೈಯದ ದಿನವಿಲ್ಲ. ಅತ್ತಿಲ್ಲ ಎಂದು ಚಿಗವ್ವ ದೇವರ ಮೇಲೆ ಆಣೆ ಇಟ್ಟರೂ ನಂಬುವವರಿರಲಿಲ್ಲ, ಪಾಪ. ದೃಷ್ಟಿ ತೆಗೆದಿದ್ದಾಯಿತು, ಉಷ್ಣವೆಂದು ಹರಳೆಣ್ಣೆ ತಲೆಗೆ ಒತ್ತಿದ್ದಾಯಿತು, ಹಿತ್ತಲಿನ ನಂದಿಬಟ್ಟಲು ಹೂವನ್ನು ಕಣ್ಣಿಗೆ ಕಟ್ಟಿದ್ದಾಯಿತು. ಒಂದು ಬೆಳಿಗ್ಗೆ ಅವಳು ಗೋಡೆ ತಡವುತ್ತಾ ಬಚ್ಚಲಿಗೆ ಹೋಗುವುದನ್ನು ನೋಡಿ ಅಜ್ಜಿಯ ಎದೆ ಒಡೆಯಿತು. ಆವತ್ತೇ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲಿನ ಬಸ್ಸು ಹಿಡಿದು ಬಳ್ಳಾರಿಗೆ ಹೊರಟೆವು. ಆಗಿನ್ನೂ ಚಿಕ್ಕ ಮಗು, ಅವಳನ್ನು ಬಿಟ್ಟಿರಲಾರದ ನಾನೂ ಚಿಗವ್ವನ ಸೆರಗು ಹಿಡಿದು ಹೋದೆ.

ಆಸ್ಪತ್ರೆಯ ಡಾಕ್ಟರಮ್ಮ ರೆಪ್ಪೆ ಎತ್ತಿ ನೋಡಿದರು, ಹಣೆಯ ಬೊಟ್ಟಿನ ಸುತ್ತ ಎದ್ದಿದ್ದ ಸಣ್ಣ ಗುಳ್ಳೆಗಳನ್ನೂ ನೋಡಿದರು. ಕಣ್ಣಿನ ರೋಗ ಅಲ್ಲ, ಈ ಬಣ್ಣ ಇವಳ ಚರ್ಮಕ್ಕೆ ಆಗುತ್ತಿಲ್ಲ, ಕೆಲವು ದಿನ ಹಣೆಗೆ ಏನನ್ನೂ ಹಚ್ಚಬೇಡಿ ಎಂದು ತೆಲುಗಿನಲ್ಲಿ ಮೆತ್ತಗೆ ಹೇಳಿದರು. ಅಜ್ಜಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಆದರೂ ಏನೂ ತಿಳಿಯದವಳ ಹಾಗೆ ಅವರ ಮುಖವನ್ನೇ ನೋಡುತ್ತಾ ಕೂತಳು.

ಮರುದಿನ ಬೆಳಿಗ್ಗೆ ಅಜ್ಜಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿಗವ್ವನನ್ನು ಕರೆದಳು. "ಹರಕಿ ಹೊತ್ತಾಕಿ ನಾನು, ಪಾಪ ನನಗ ಬರಲಿ. ಎಂಟು ದಿನ ಬಿಟ್ಟು ನೋಡೂನೇನವಾ?" ಎಂದಳು.

ಚಿಗವ್ವ ಎದುರಿಗೆ ಬಂದು ಕೂತಳು. "ಬ್ಯಾಡ್ರಿ ಅತ್ತಿ. ಕಣ್ಣು ಹೋದ್ರ ಹೋಗಲಿ. ಆ ಎಂಟು ದಿನದಾಗ ಅವರಿಗೆ ಏನಾರ ಆದ್ರ?"

ಹೀಗೆಂದು ಊದಿದ ಕಣ್ಣು ಮುಚ್ಚಿ ಹಣೆಯನ್ನು ಮುಂದೆ ಚಾಚಿದಳು. ಅಜ್ಜಿಯ ಬೆರಳು ಮತ್ತೆ ಬೊಟ್ಟು ಇಟ್ಟಿತು. ಆ ಬೆರಳಿನಿಂದಲೇ ಬೆಳಿಗ್ಗೆ ಕುಂಕುಮ, ಅದೇ ಕೈಯಿಂದ ಮಧ್ಯಾಹ್ನ ತಣ್ಣೀರ ಬಟ್ಟೆ. ಯಾರನ್ನು ಬೈಯಲಿ? ಇಬ್ಬರೂ ಒಂದೇ ಜೀವವನ್ನು ಕಾಯುತ್ತಿದ್ದರು.

ಯುದ್ಧ ಮುಗಿಯಿತೆಂದು ಊರೆಲ್ಲ ಮಾತಾಡುತ್ತಿದ್ದಾಗ ತಾಲೂಕು ಕಚೇರಿಯಿಂದ ಒಬ್ಬರು ಬಂದು ಜಗಲಿಯ ಮೇಲೆ ನಿಂತೇ ಸುದ್ದಿ ಹೇಳಿ ಹೋದರು. ಲಾರಿ ಕಣಿವೆಗೆ ಬಿದ್ದು ಚಿಗಪ್ಪ ಎಷ್ಟೋ ತಿಂಗಳ ಹಿಂದೆಯೇ ಹೋಗಿದ್ದ. ಆಮೇಲಿನ ಶಾಸ್ತ್ರಗಳನ್ನು ನಾನು ಬರೆಯಲಾರೆ. ಚಿಗವ್ವನ ಹಣೆ ಬರಿದಾಯಿತು, ಅಷ್ಟು ಸಾಕು.

ವಾರ ಕಳೆಯುವುದರೊಳಗೆ ಅವಳ ರೆಪ್ಪೆಯ ಬಾವು ಇಳಿಯಿತು. ಕೆಂಪು ಹೋಯಿತು. ಅವಳು ರಾತ್ರಿ ಹಗಲು ಅತ್ತರೂ ಕಣ್ಣು ಮಾತ್ರ ಹಾಲಿನಂತೆ ಬೆಳ್ಳಗಾಗುತ್ತಾ ಹೋಯಿತು. ಅವು ಅಷ್ಟು ದೊಡ್ಡ, ಅಷ್ಟು ಚೆಂದದ ಕಣ್ಣುಗಳೆಂಬುದು ನನಗೆ ಗೊತ್ತೇ ಇರಲಿಲ್ಲ. ಮಾತಾಡಿಸಲು ಬಂದ ಸಿರಿಗೇರಿಯ ನೆಂಟರ ಹೆಂಗಸು, ಗಂಡ ಸತ್ತವಳ ಕಣ್ಣು ಇಷ್ಟು ತಿಳಿಯಾಗಿರುತ್ತದೇನು ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಅದು ಅಜ್ಜಿಯ ಕಿವಿಗೆ ಬಿತ್ತು. ಎದ್ದು ಹೋಗಿ ಸೊಸೆಯ ಗದ್ದ ಹಿಡಿದೆತ್ತಿ ಆ ಕಣ್ಣುಗಳನ್ನು ನೋಡಿದಳು. ಅಲ್ಲೇ ಕುಸಿದು ಕೂತು, ಸುದ್ದಿ ಬಂದ ದಿನವೂ ಅಳದಷ್ಟು ಅತ್ತಳು.

ಆ ಮನೆ ಈಗಿಲ್ಲ, ಅಜ್ಜಿಯೂ ಹೋಗಿ ಯಾವ ಕಾಲವಾಯಿತು. ಚಿಗವ್ವನ ಕಣ್ಣು ಮಾತ್ರ ಕೊನೆಯವರೆಗೂ ಕೈಕೊಡಲಿಲ್ಲ. ಮುಪ್ಪಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಿಳಿಯದವರು ಯಾರಾದರೂ, ಎಂಥ ಕಣ್ಣವ್ವ ನಿನ್ನವು ಎಂದು ಹೊಗಳಿದರೆ, ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಎದ್ದು ಒಳಗೆ ಹೋಗುತ್ತಿದ್ದಳು.